ಬೋರ್ಡಿಗೆಂದು ಹೊಡೆದ ಮೊಳೆ

ಅಪ್ಪಾ,

ಇಂಗ್ಲಿಷ್ ಟೀಚರ್ ಆಗಲು ನನ್ನ ಹತ್ತಿರ ತರಬೇತಿಗೆ ಬಂದಿರುವ ಹುಡುಗಿಯರಿಗೆ ಈ ಸಲ ಪರೀಕ್ಷೆಯ ಬದಲು ಒಂದು ಪ್ರಾಜೆಕ್ಟ್ ಕೊಟ್ಟೆ. ತೈನಾನ್‌ನ ಯಾವುದಾದರೂ ಅಂಗಡಿಗೆ ಇಂಗ್ಲಿಷ್ ಬೋರ್ಡು ಬರೆದು, ಒಂದು ಬೆಳಿಗ್ಗೆ ಗಿರಾಕಿಗಳನ್ನೂ ಇಂಗ್ಲಿಷಿನಲ್ಲೇ ಸುಧಾರಿಸಬೇಕು. ಅವರು ಆರಿಸಿಕೊಂಡದ್ದು ನಮ್ಮ ಮೀನುಗಂಜಿ ಅಂಗಡಿಯನ್ನೇ. ನಾನೇನೂ ಹೇಳಿರಲಿಲ್ಲ, ನಿನ್ನಾಣೆ.

ಮೂರು ವಾರ ಅಮ್ಮನ ತಲೆ ತಿಂದು, ಮೀನಿನ ಮುಳ್ಳು ಬಿಡಿಸುವುದನ್ನೂ ಕಲಿತು ಬೋರ್ಡು ಬರೆದರು. ಇವತ್ತು ಅದನ್ನು ಬಾಗಿಲಿಗೆ ಒರಗಿಸಿಟ್ಟ ಐದೇ ನಿಮಿಷಕ್ಕೆ ಒಬ್ಬ ಜರ್ಮನ್ ಮುದುಕ ಬಂದು, ತಡವರಿಸುತ್ತಾ ಗಂಜಿ ಕೇಳಿದ. ಹುಡುಗಿಯರಲ್ಲೊಬ್ಬಳು, ಯುನ್‌ಶಾನ್, ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಅವನ ಇಂಗ್ಲಿಷ್ ತಿದ್ದುತ್ತಾ ನಿಂತಳು! ಅಮ್ಮ ಸೌಟಿನ ಸಮೇತ ಬಂದಳು.

"ಹಸಿದು ಬಂದೋರಿಗೆ ಮೊದ್ಲು ಗಂಜಿ ಕೊಡೇ ತಾಯಿ, ಪಾಠ ಆಮೇಲೆ ಮಾಡುವಿಯಂತೆ!"

ಹುಡುಗಿಯರು ನಕ್ಕೂ ನಕ್ಕೂ, ಅದನ್ನೇ ವರದಿಯ ಮೊದಲ ಸಾಲಾಗಿ ಬರೆದುಕೊಂಡರು. ನನ್ನ ಯಾವ ಪಾಠವೂ ಇಷ್ಟು ಬೇಗ ನಾಟಿದ್ದಿಲ್ಲ.

ಆಮೇಲೆ ಬೋರ್ಡು ನೇತುಹಾಕಲು ಸುತ್ತಿಗೆ ಕೇಳಿದರು.

"ಸುತ್ತಿಗೆ ಯಾಕೆ? ಮೊಳೆ ಅಲ್ಲೇ ಇದೆಯಲ್ಲ," ಅಂದಳು ಅಮ್ಮ.

ಒಂದು ಇಂಗ್ಲಿಷ್ ಬೋರ್ಡು ಬರೆದುಕೊಡು ಅಂತ ನನ್ನನ್ನು ಕೇಳಿದ ದಿನವೇ ನೀನು ಹೊಡೆದಿಟ್ಟಿದ್ದ ಮೊಳೆ. ಹನ್ನೊಂದು ವರ್ಷವಾಗಿದೆ, ಒಂದಿಷ್ಟೂ ಅಲ್ಲಾಡಿಲ್ಲ.