ಹೊಳೆಯ ಕಲ್ಲು

ಮೇ 2, ಬೆಳಿಗ್ಗೆ
ರೊಟ್ಟಿ ತಟ್ಟಿ ಮುಗಿಯಿತು. ಮೊಮ್ಮಗಳು ಅಮೂಲ್ಯ ಆಗಲೇ ಹೊಳೆಗೆ — ನೀರುನಾಯಿ ಹಿಕ್ಕೆ ಹುಡುಕಲು! ಶಿವಮೊಗ್ಗದಲ್ಲಿ ಎಂ.ಎಸ್ಸಿ. ಓದಿ, ಭದ್ರಾವತಿಯಲ್ಲಿ ಹಿಕ್ಕೆ ಎಣಿಸುವುದು. ರಿಸರ್ಚ್ ಅನ್ನಬೇಕಂತೆ. ಜೀವಮಾನವೆಲ್ಲ ಸಗಣಿ ಬಾಚಿದ್ದೇನೆ, ನನಗೂ ಒಂದು ಡಾಕ್ಟರೇಟ್ ಕೊಡಿಸು ಎಂದೆ. ನಕ್ಕಳು.

ಮೇ 5
ಎಂಥ ಬಿಸಿಲು. ಹೊಳೆ ಬತ್ತಿ ಮನೆ ಹಿಂದಿನ ಮಡುವಿನಲ್ಲಿ ಮಾತ್ರ ನೀರು. ಸುತ್ತಲಿನ ನೀರುನಾಯಿಗಳೆಲ್ಲ ಅಲ್ಲಿಗೇ ಬಂದಿವೆಯಂತೆ. ಮರಿಗಳೂ ಇವೆ. ಆ ದಡಕ್ಕೇ ಕಾಂಕ್ರೀಟ್ ಗೋಡೆ ಬರುತ್ತದೆ, ಜನರ ವಾಕಿಂಗಿಗೆ. ಅವುಗಳ ಬಿಲವೆಲ್ಲ ಮುಚ್ಚಿಹೋಗುತ್ತದೆ. ಅಮೂಲ್ಯ ಅರ್ಜಿ ಕೊಟ್ಟಿದ್ದಾಳೆ. ಒಂಬತ್ತನೇ ತಾರೀಖು ಅರಣ್ಯ ಇಲಾಖೆಯ ಆಫೀಸರು ಶ್ರೀನಿವಾಸಮೂರ್ತಿ ನೋಡಲು ಬರುತ್ತಾರೆ. ನೀರುನಾಯಿ ಇರುವ ಗುರುತು ಕಂಡರೆ ಗೋಡೆ ಕೆಲಸ ನಿಲ್ಲುತ್ತದೆ, ಇಲ್ಲವಾದರೆ ಇಲ್ಲ. ಚಪ್ಪಟೆ ಕಲ್ಲಿನ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ತೋರಿಸಿದಳು. ಅದೇ ಗುರುತಂತೆ. ಮೂಗು ಮುಚ್ಚಿಕೊಂಡೆ.

ಮೇ 9, ಮಧ್ಯಾಹ್ನ
ಪಕ್ಕದ ಬಂಗಾರಮ್ಮನ ಗೃಹಪ್ರವೇಶ. ಹೊಳೆಯಿಂದ ಗಂಗೆ ತರುವ ಶಾಸ್ತ್ರಕ್ಕೆ ನಾನೇ ಹಿರಿಯಳು. ಕಳಸ ಇಡಲು ಆ ಕಲ್ಲೇ ಸಮ. ಹೊಲಸಿನ ಮೇಲೆ ಗಂಗೆಯನ್ನು ಕೂರಿಸುವುದೇ? ತೆಂಗಿನ ನಾರು ತರಿಸಿ ನಾನೇ ತಿಕ್ಕಿ ತೊಳೆದೆ. ಆಫೀಸರೂ ಬರುವವರು, ದಡ ಲಕ್ಷಣವಾಗಿರಲಿ ಅನ್ನಿಸಿತು. ಪ್ರಾಣಿಯನ್ನು ತೋರಿಸಲಿ, ಅದರ ಹೊಲಸನ್ನು ಯಾಕೆ? ರಂಗೋಲಿ, ಅರಿಶಿನ, ಕುಂಕುಮ... ಶಂಕರಮ್ಮನವರ ಕೈ ಅಂದರೆ ಕೈ ಎಂದರು ಹೆಂಗಸರು. ಉಬ್ಬಿದೆ.

ಅದೇ ದಿನ, ಸಂಜೆ
ನಮ್ಮ ಜಾಗಟೆಗೆ ಹೆದರಿ ಒಂದು ನೀರುನಾಯಿಯೂ ತಲೆ ಎತ್ತಲಿಲ್ಲ. ಬಿಲ ಹೆಗ್ಗಣದ್ದಿರಬಹುದು, ಅಮೂಲ್ಯ ತೋರಿಸಿದ ಫೋಟೋ ಎಲ್ಲಿಯದೋ ಇರಬಹುದು ಎಂದರು ಆಫೀಸರು. ಇವಳು ಅವರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋದಳು.
"ಇದು ಪೂಜೆ ಮಾಡೋ ಜಾಗ ಕಣಮ್ಮ. ಇಲ್ಲಿಗೆ ಕಾಡುಪ್ರಾಣಿ ಎಲ್ಲಿ ಬರುತ್ತೆ?"
ಚಪ್ಪಲಿ ಬಿಟ್ಟು, ಕೈಮುಗಿದು ಹೋದರು.
ಯಾರು ತೊಳೆದದ್ದು ಎಂದು ಅವಳು ಕೇಳಲಿಲ್ಲ. ನಾನೇ ಹೇಳಿದೆ. ಬೈಯಲಿ ಎಂದು ಕಾದೆ.
"ಊಟ ಮಾಡು ಅಜ್ಜಿ. ಶುಗರ್ ಮಾತ್ರೆ ತಗೋಬೇಕಲ್ಲ ನೀನು."
ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಮೇ 21
ಬರೆಯಲು ಮನಸ್ಸಾಗಿರಲಿಲ್ಲ. ಕೆಲಸಕ್ಕೆ ಒಪ್ಪಿಗೆ ಆಯಿತು. ಜೆಸಿಬಿ ಬಂದು ನಿಂತಿದೆ. ಅಮೂಲ್ಯ ಇನ್ನೊಂದು ಅರ್ಜಿ ಹಿಡಿದು ಶಿವಮೊಗ್ಗಕ್ಕೆ ಓಡಾಡುತ್ತಾಳೆ. ಬರುವಾಗ ಮುಖ ನೋಡಿ ತಟ್ಟೆ ಇಡುತ್ತೇನೆ, ಏನಾಯಿತು ಎಂದು ಕೇಳುವುದಿಲ್ಲ. ಊರಿಗೆಲ್ಲ ಜೋರು ನನ್ನ ಬಾಯಿ...

ಮೇ 23, ಬೆಳಿಗ್ಗೆ
ತಡೆಯದೆ ಹೊಳೆಗೆ ಹೋದೆ. ದೊಡ್ಡ ನೀರುನಾಯಿಯೊಂದು ಇತ್ತು, ಹಿಂದೆ ಮರಿಗಳು. ಒಂದು ಮೀನಿಗೆ ಎಲ್ಲವೂ ಕಿತ್ತಾಡುತ್ತಿದ್ದವು, ಥೇಟ್ ನಮ್ಮ ಮನೆ ಮಕ್ಕಳು. ಜೆಸಿಬಿ ಡ್ರೈವರ್ ಗಾಡಿ ಹತ್ತಿದ. ಸ್ವಲ್ಪ ತಡಿಯಪ್ಪ ಎಂದೆ. "ಆರ್ಡರ್ ಆಗಿದೆ ಅಜ್ಜಿ, ನಾನೇನು ಮಾಡ್ಲಿ?" ಎಂದ.
ಸೆರಗು ಬೀಸಿ ಅವನ್ನೇ ಓಡಿಸಿದೆ — ಹೋಗಿ, ಹೋಗಿ! ಮರಿಗಳು ಮುಳುಗಿದವು. ತಾಯಿ ಮಾತ್ರ ಕುತ್ತಿಗೆ ಎತ್ತಿ ನನ್ನನ್ನೇ ನೋಡಿತು. ಮಡುವಿನಿಂದ ಮೇಲೆ ಹೊಳೆಯಲ್ಲಿ ನೀರಿಲ್ಲ. ಕೆಳಗೂ ಇಲ್ಲ. ಹೋಗಿ ಎಂದೆನಲ್ಲ, ಎಲ್ಲಿಗೆ?