ಅಮ್ಮನ ಪರವಾಗಿ ನೀನು ಕೊಟ್ಟ ಉತ್ತರ

ಮಂಗಳವಾರ, ಮಧ್ಯಾಹ್ನ
ಆಸ್ಪತ್ರೆಯ ಹೆಂಗಸರ ವಾರ್ಡಿನಿಂದ

ನನ್ನ ಗಡಿಬಿಡಿ ಪುಟ್ಟಿಗೆ ಅಮ್ಮನ ನೂರು ಮುದ್ದು.

ಮೇಲಿನ ವಿಳಾಸ ಓದಿದೊಡನೆ ಚಪ್ಪಲಿ ಮೆಟ್ಟಿಕೊಂಡು ಓಡಿ ಬರಬೇಡ. ಮೊದಲು ಕೂತು ಪೂರ್ತಿ ಓದು. ಜೀವಕ್ಕೇನೂ ಅಪಾಯವಿಲ್ಲ. ಚಿಕ್ಕಮ್ಮನ ಮನೆಗೆ ಹೋಗುತ್ತೇನೆ ಅಂತ ನಿನಗೆ ಹೇಳಿದ್ದು ಸುಳ್ಳು. ಪಾಪ, ನನ್ನ ತಂಗಿಗೆ ಸುಳ್ಳು ಹೇಳಲು ಬರುವುದೇ ಇಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಅಂತಲೇ ಹೇಳಿದಳಂತೆ. ಇಷ್ಟು ಹೊತ್ತಿಗೆ ನಾನು ಸೋಪಿನ ಹಾಗೆ ಕರಗಿ ಹೋಗಿರಬೇಕಿತ್ತು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀಯ. ನಿನ್ನ ಜೊತೆ ಫೋನಿನಲ್ಲಿ ಮಾತು ಮುಗಿಸಿದವರು ಯಾರಿದ್ದಾರೆ ಹೇಳು? ದಿನವಿಡೀ ದೂರು ಕೌಂಟರಿನ ಹಿಂದೆ ಕೂತು, ಎದುರಿನವರು ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟು ಕಳಿಸುವುದು ನಿನಗೆ ರೂಢಿಯಾಗಿಬಿಟ್ಟಿದೆ. ಅದಕ್ಕೇ ಕಾಗದ ಹಿಡಿದೆ. ಅಕ್ಷರ ದಪ್ಪಗಿದ್ದರೆ, ಸಾಲು ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ಎಡಗಣ್ಣು ಮುಚ್ಚಿಕೊಂಡು ಬಲಗಣ್ಣೊಂದರಲ್ಲೇ ಬರೆಯುತ್ತಿದ್ದೇನೆ.

ನೀನು ನನ್ನನ್ನು ಕರೆದುಕೊಂಡು ಹೋಗಿದ್ದ ಕಣ್ಣಿನ ಡಾಕ್ಟರು ನೆನಪಿದ್ದಾರಲ್ಲ? ಇದು ಪೊರೆಯಲ್ಲ, ಕಣ್ಣಿನೊಳಗೆ ಉರಿಯೂತ, ಬೇರು ಬೇರೆಲ್ಲೋ ಇರಬಹುದು ಅಂದಿದ್ದರು. ಸಕ್ಕರೆ ಕಾಯಿಲೆ ಕೇಳಿದರು, ಕ್ಷಯ ಕೇಳಿದರು, ಕೀಲುನೋವು ಕೇಳಿದರು. ಕೊನೆಗೆ ತಲೆ ತಗ್ಗಿಸಿಕೊಂಡು, ಲೈಂಗಿಕ ಸಂಪರ್ಕದಿಂದ ಬರುವ ಸೋಂಕಿಗೂ ಒಂದು ರಕ್ತಪರೀಕ್ಷೆ ಮಾಡಿಸೋಣವಾ, ಅಂಥ ಸಂಬಂಧ ಏನಾದರೂ ಇದೆಯಾ ಅಂತ ಕೇಳಿದರು. ಪ್ರಶ್ನೆ ನನಗೆ, ಉತ್ತರ ನಿನ್ನದು. ಅಯ್ಯೋ ಡಾಕ್ಟ್ರೇ, ನಮ್ಮಮ್ಮಂಗೆ ಅರವತ್ತು ದಾಟಿದೆ, ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು, ಅಂಥದ್ದೆಲ್ಲ ಎಲ್ಲಿಂದ ಬರ್ಬೇಕು ಅಂತ ನಕ್ಕುಬಿಟ್ಟೆ. ಡಾಕ್ಟರೂ ನಕ್ಕು, ಬರೆಯಲು ಎತ್ತಿದ್ದ ಪೆನ್ನು ಕೆಳಗಿಟ್ಟರು. ನಾನೂ ನಕ್ಕೆ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ ಕಣೇ. ನನಗೂ ಬಾಯಿತ್ತು, ತೆರೆಯಲಿಲ್ಲ. ಬರೀ ಕಣ್ಣಿಗೆ ಹಾಕುವ ಹನಿ ಬರೆಸಿಕೊಂಡು ಮನೆಗೆ ಬಂದೆವು.

ಹನಿಯಿಂದ ಕೆಲವು ದಿನ ಸುಮಾರಾಗಿತ್ತು. ಆಮೇಲೆ ಎಡಗಣ್ಣಿನ ಮುಂದೆ ಹೊಗೆ ಕವಿಯತೊಡಗಿತು. ಒಬ್ಬ ಗಿರಾಕಿಯ ಕೋಟಿಗೆ ಎರಡೂ ತೋಳು ಅದಲುಬದಲಾಗಿ ಹೊಲಿದು, ಅದಕ್ಕೆ ಇಸ್ತ್ರಿಯನ್ನೂ ಮಾಡಿಟ್ಟೆ. ಆತ ತೊಟ್ಟುಕೊಂಡು ಕನ್ನಡಿ ಮುಂದೆ ನಿಂತರೆ ಕೈ ಎರಡೂ ಹಿಂದಕ್ಕೆ ತಿರುಗಿದ್ದವು. ಪುಣ್ಯಾತ್ಮ ಬೈಯಲಿಲ್ಲ, ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಹೊಲಿಗೆಯವಳ ಕಣ್ಣು ಹೋದರೆ ಅವಳಲ್ಲಿ ಉಳಿಯುವುದೇನು? ಅಂಗಡಿ ಬಾಗಿಲು ಎಳೆದು, ನಿನಗೂ ಹೇಳದೆ, ಒಬ್ಬಳೇ ಈ ಆಸ್ಪತ್ರೆಗೆ ಬಂದೆ. ಇಲ್ಲಿನ ಡಾಕ್ಟರಮ್ಮ ಬಾಗಿಲು ಹಾಕಿ ಅದೇ ಪ್ರಶ್ನೆ ಕೇಳಿದರು. ನೀರಿಗಿಳಿದ ಮೇಲೆ ಚಳಿಯೇನು ಅಂತ, ಇದೆ ಅಂದೆ.

ಇನ್ನು ಮುಂದಿನದನ್ನು ಅಮ್ಮ ಬರೆಯಬಾರದು, ಮಗಳು ಓದಬಾರದು. ಆದರೂ ಬರೆಯುತ್ತೇನೆ. ಪಕ್ಕದ ಬೈಂಡಿಂಗ್ ಅಂಗಡಿಯವರು. ನಿನ್ನ ಕಾಲೇಜಿನ ಪ್ರಾಜೆಕ್ಟಿನಲ್ಲಿ ಎರಡು ಪುಟ ತಲೆಕೆಳಗಾಗಿ ಹೊಲಿದರು ಅಂತ ನೀನು ಬೀದಿಯೆಲ್ಲ ಕೇಳುವಂತೆ ಜಗಳ ತೆಗೆದಿದ್ದೆಯಲ್ಲ, ಅವರೇ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಪುಸ್ತಕ ಹೊಲಿಯುವ ದಾರ ಮುಗಿಯಿತು ಅಂತ ನನ್ನ ಅಂಗಡಿಗೆ ಬರುತ್ತಿದ್ದರು. ಒಬ್ಬ ಮನುಷ್ಯನಿಗೆ ದಾರ ಅಷ್ಟು ಬೇಗ ಬೇಗ ಮುಗಿಯುವುದು ಹೇಗೆ ಅಂತ ನನಗೆ ಹೊಳೆದದ್ದು ತಡವಾಗಿ. ವರ್ಷದಿಂದೀಚೆಗೆ ನಾವು ಬರೀ ಚಹಾ ಕುಡಿದು ಎದ್ದು ಹೋಗುವವರಲ್ಲ. ಹೇಳಬೇಕು ಹೇಳಬೇಕು ಅಂತ ನಿನ್ನೆದುರು ಎಷ್ಟೋ ಸಲ ಬಾಯಿ ತೆರೆದೆ. ನೀನು ಪ್ರತಿ ಸಲವೂ ಅಪ್ಪನ ಯಾವುದಾದರೊಂದು ಕಥೆ ತೆಗೆಯುತ್ತಿದ್ದೆ. ಅವರ ಸ್ಕೂಟರನ್ನು ಇವತ್ತಿಗೂ ಮಾರಲು ಬಿಡದವಳ ಮುಂದೆ ನಾನೇನು ಹೇಳಲಿ?

ರಕ್ತದಲ್ಲಿ ಸಿಗಬೇಕಾದ್ದು ಸಿಕ್ಕಿತು. ಸಿಫಿಲಿಸ್. ಇದು ಹರೆಯದವರ ಕಾಯಿಲೆ, ಕೆಟ್ಟು ತಿರುಗುವವರ ಕಾಯಿಲೆ ಅಂತಲೇ ನಾನೂ ತಿಳಿದಿದ್ದೆ. ಹಾಗೇನಿಲ್ಲವಂತೆ. ಮೊದಲು ಒಂದು ನೋವಿಲ್ಲದ ಹುಣ್ಣು, ಆಮೇಲೆ ಮೈಮೇಲೆ ಗಂಧೆ, ಎರಡೂ ತಾವಾಗಿಯೇ ಮಾಯವಾಗುತ್ತವೆ. ಜನ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಔಷಧಿ ಬೀಳದಿದ್ದರೆ ಅದು ಒಳಗೇ ಇದ್ದು ಕಣ್ಣು, ಕಿವಿ, ಹೃದಯ, ಮಿದುಳು ಎಲ್ಲಿಗೂ ಹೋಗಬಹುದಂತೆ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದು ಅದನ್ನೂ ನೋಡಿದ್ದಾರೆ. ಈಗ ಎರಡು ವಾರ ನರಕ್ಕೆ ಪೆನ್ಸಿಲಿನ್. ಕಾಯಿಲೆ ಖಂಡಿತ ಹೋಗುತ್ತದೆ ಅನ್ನುತ್ತಾರೆ. ಕಣ್ಣು ಎಷ್ಟು ಮರಳುತ್ತದೆ ಅಂತ ಕೇಳಿದರೆ ಮಾತ್ರ ನೋಡೋಣ ಅನ್ನುತ್ತಾರೆ. ಬೆಳಿಗ್ಗೆ ಎದ್ದೊಡನೆ ಬಲಗಣ್ಣು ಮುಚ್ಚಿ ಎದುರಿನ ಕಿಟಕಿಯ ಸರಳು ಎಣಿಸಲು ನೋಡುತ್ತೇನೆ. ಇನ್ನೂ ಎಲ್ಲ ಸೇರಿ ಒಂದೇ ಬಿಳಿ ಬಟ್ಟೆಯ ಹಾಗೆ ಕಾಣುತ್ತದೆ.

ಪಕ್ಕದ ಮಂಚದಲ್ಲಿ ನಿನಗಿಂತ ಚಿಕ್ಕವಳೊಬ್ಬಳಿದ್ದಾಳೆ. ಅವಳದು ಬೇರೆ ಸೋಂಕು, ಕ್ಲಮೀಡಿಯ ಅಂತ. ವರ್ಷಗಟ್ಟಲೆ ಒಂದು ಸಣ್ಣ ತುರಿಕೆಯೂ ಇರಲಿಲ್ಲವಂತೆ. ಮಕ್ಕಳಾಗಲಿಲ್ಲ ಅಂತ ತೋರಿಸಲು ಹೋದಾಗ ಗರ್ಭನಾಳ ಮುಚ್ಚಿಹೋಗಿದೆ ಅಂದರಂತೆ. ನಿನ್ನೆ ಅವಳ ಜಡೆ ಹಾಕಿಕೊಟ್ಟೆ. ಕಣ್ಣು ಕಾಣದಿದ್ದರೂ ಬೆರಳಿಗೆ ದಾರಿ ಗೊತ್ತು.

ಬೈಂಡಿಂಗ್ ಅಂಗಡಿಯವರು ದಿನಾ ಸಂಜೆ ಬರುತ್ತಾರೆ. ಬಳಗದವರನ್ನು ಮಾತ್ರ ಒಳಗೆ ಬಿಡುತ್ತಾರೆ. ಪೇಷಂಟಿಗೆ ನೀವೇನಾಗಬೇಕು ಅಂತ ನರ್ಸು ಕೇಳಿದರೆ, ಪಕ್ಕದ ಅಂಗಡಿ ಆಗಬೇಕು ಅಂತ ಹೇಳಿ ಹೊರಗಿನ ಬೆಂಚಿನ ಮೇಲೆ ಕೂರುತ್ತಾರಂತೆ. ನೀನು ಅವರ ಮೇಲೆ ಹರಿಹಾಯಬೇಡ. ಬೈಯುವುದಿದ್ದರೆ ನನ್ನನ್ನು ಬೈ. ಹೇಗೆ ಬಂತು, ಯಾರಿಂದ ಬಂತು ಅಂತ ಕೆದಕಲೂ ಬೇಡ. ಈ ವಯಸ್ಸಿನಲ್ಲಿ ಅಮ್ಮ ತಾನೇ ತಂದುಕೊಂಡಳು ಅಂದುಕೊಂಡು ಸುಮ್ಮನಾಗು. ನಿನಗೆ ಇನ್ನೂ ಏನೇನೋ ತಿಳಿಸಬೇಕು ಅಂತ ಡಾಕ್ಟರಮ್ಮ ಜೀವ ತಿನ್ನುತ್ತಿದ್ದಾರೆ. ತಿಳಿಸುವಷ್ಟು ತಿಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಸಿಟ್ಟು ಇಳಿದ ದಿನ ಬಂದು ನೋಡು, ಅದಕ್ಕೂ ಮುಂಚೆ ಬೇಡ.

ಇಂತಿ,
ಮುಖ ತೋರಿಸಲು ಹೆದರಿ ಕಾಗದದ ಹಿಂದೆ ಕೂತಿರುವ
ನಿನ್ನ ಅಮ್ಮ

ತಾ.ಕ.: ಕವರು ಅಂಟಿಸಿ ಆಗಿತ್ತು. ಈಗಷ್ಟೇ ಡಾಕ್ಟರಮ್ಮ ಬಂದು, ಮಗಳಿಗೆ ಹೇಳಿದಿರಾ ಅಂತ ಮತ್ತೆ ಕೇಳಿ ಹೋದರು. ಹೇಳಿದೆ ಅಂತ ಅವರೆದುರು ಸುಳ್ಳಾಡಿದೆ. ಅವರು ಆ ಕಡೆ ಹೋದದ್ದೇ ತಡ, ಕವರು ಹರಿದೆ.

ಬೈಂಡಿಂಗ್ ಅಂಗಡಿಯವರ ರಕ್ತವನ್ನೂ ನೋಡಿದರು. ಅನುಮಾನ ಬೇಡ ಅಂತ ಇನ್ನೊಮ್ಮೆಯೂ ನೋಡಿದರು. ಅದರಲ್ಲಿ ಏನೂ ಇಲ್ಲ. ನನ್ನ ಬದುಕಿನಲ್ಲಿ ಇದ್ದ ಗಂಡಸರು ಇಬ್ಬರೇ, ಪುಟ್ಟಿ. ಈ ಕಾಯಿಲೆ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಮೈಯಲ್ಲಿ ಇರಬಲ್ಲದಂತೆ. ಹಳೆಯದಾದ ಮೇಲೆ ಜೊತೆಗಿರುವವರಿಗೆ ಅಂಟುವುದು ಅಪರೂಪವಂತೆ, ಆದರೆ ಬಸುರಿಯಿಂದ ಹೊಟ್ಟೆಯ ಕೂಸಿಗೆ ಹೋಗಬಹುದಂತೆ. ನೀನು ಹುಟ್ಟುವ ಮೊದಲೇ ನನ್ನೊಳಗೆ ಇತ್ತೋ, ಆಮೇಲೆ ಬಂತೋ ಈಗ ಯಾರೂ ಹೇಳಲಾರರು. ನಿನ್ನಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಅವರಿಲ್ಲ. ಅವರನ್ನು ನಿನಗೆ ಇದ್ದ ಹಾಗೆಯೇ ಉಳಿಸಿಕೊಡೋಣ ಅಂತಲೇ ಎಲ್ಲವನ್ನೂ ನನ್ನ ತಲೆಗೆ ಕಟ್ಟಿಕೊಂಡಿದ್ದೆ. ಆದರೆ ಅಪ್ಪನ ಹೆಸರು ಉಳಿಸಲು ಹೋಗಿ ಮಗಳ ಕಣ್ಣು ಕಳೆಯಲಾರೆ. ನಾಳೆ ಕೆಲಸಕ್ಕೆ ರಜೆ ಹಾಕಿ ಮೊದಲು ರಕ್ತ ಕೊಡು. ಆಮೇಲೆ ಸಿಟ್ಟು ಇಳಿಯುವುದಕ್ಕೆ ಕಾಯದೆ ನೇರ ಇಲ್ಲಿಗೆ ಬಂದುಬಿಡು. ಫಲಿತಾಂಶ ಬರುವ ತನಕ ನನಗೆ ಒಬ್ಬಳೇ ಇರಲು ಆಗುವುದಿಲ್ಲ.