ಮೆಗ್‌ಳ ಮುನಿಸು

ವಾರನ್ ಎಂಡ್,
ಥೆಟ್‌ಫರ್ಡ್ ಹತ್ತಿರ, ನಾರ್ಫೋಕ್
೨೪ ಫೆಬ್ರವರಿ ೧೯೭೪, ಭಾನುವಾರ

ನನ್ನ ಮೊಂಡ ಗಂಡ ಕ್ಲೆಮ್‌ಗೆ,

ಇಲ್ಲಿ ನಾನೂ ನಾಯಿ ಮೆಗ್‌ಳೂ ಕ್ಷೇಮ. ನೀನು ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ತಂಗಿ ಮೇಬಲ್ ಬೇಯಿಸಿದ್ದನ್ನು ಒಂಬತ್ತು ವಾರ ತಿಂದವರು ಕ್ಷೇಮವಾಗಿರುವುದು ಹೇಗೆ? ನಾನಾಗಿ ಕಾಗದ ಬರೆಯಬಾರದು ಎಂದು ಹಟ ಹಿಡಿದಿದ್ದೆ. ಆದರೆ ನಿನ್ನೆ ನಡೆದದ್ದನ್ನು ಹೇಳಿಕೊಳ್ಳಲು ನೀನಲ್ಲದೆ ಇನ್ನಾರಿದ್ದಾರೆ? ಹಾಳಾಗಿ ಹೋಗಲಿ ಎಂದು ಬರೆಯಲು ಕೂತಿದ್ದೇನೆ.

ಜಗಳ ನಿನಗೆ ಮರೆತಿರಲಾರದು. ಕ್ರಿಸ್‌ಮಸ್‌ಗೆಂದು ನಾನು ಎರಡು ದಿನ ಉಪ್ಪಿನಲ್ಲಿ ನೆನೆಸಿ, ಬೇಯಿಸಿ, ಉಗ್ರಾಣದಲ್ಲಿಟ್ಟಿದ್ದ ಹಂದಿ ತೊಡೆ ಮಾಯವಾಗಿತ್ತು. ಮೂಳೆ ಮಾತ್ರ ಮೆಗ್‌ಳ ಹಾಸಿಗೆಯ ಪಕ್ಕ ಬಿದ್ದಿತ್ತು. ಉಗ್ರಾಣದ ಚಿಲಕವನ್ನು ಮೂಗಿನಿಂದ ಎತ್ತುವುದನ್ನು ಅವಳಿಗೆ ಕಲಿಸಿದವನು ನೀನೇ. ನಾನು ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದೆ, ಅವಳ ಮೇಲೆ ಪೊರಕೆ ಎಸೆದೆ. ನಿನಗಿಂತ ನಾಯಿಗೇ ಬುದ್ಧಿ ಜಾಸ್ತಿ ಎಂದೆ ನೀನು. ಹಾಗಾದರೆ ಅದರ ಜೊತೆಗೇ ಸಂಸಾರ ಮಾಡು ಎಂದೆ ನಾನು. ನೀನು ಭಾನುವಾರದ ಕೋಟು ತೊಟ್ಟು, ತಂಗಿಯ ಮನೆಗೆಂದು ಯಾರ್ಮತ್ ಬಸ್ಸು ಹತ್ತಿದೆ. ಮೇಬಲ್‌ಳ ಹೊಸ ಜಮಖಾನದ ಮೇಲೆ ನಾಯಿ ಕಾಲಿಡುವಂತಿಲ್ಲವಲ್ಲ, ನಾಯಿಯ ಪರವಾಗಿ ಮನೆ ಬಿಟ್ಟವನು ನಾಯಿಯನ್ನೂ ಬಿಟ್ಟು ಹೋದೆ. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಹೋಗುವಾಗ ಮನೆಯ ವಿಷಯ ನಿನ್ನ ತಲೆಗೆ ಬರಲಿಲ್ಲ. ಈ ಮನೆ ನಮಗಿರುವುದು ಮೊಲ ಹಿಡಿಯುವ ಕೆಲಸದಿಂದ. ಕ್ಯಾಚ್‌ಪೋಲ್ ಸಾಹುಕಾರರ ಬಾರ್ಲಿಯನ್ನು ಮೊಲ ತಿಂದರೆ, ಕರಾರು ಮುಗಿಯುವ ಮಾರ್ಚ್ ಇಪ್ಪತ್ತೈದಕ್ಕೆ ಅವರು ಬೇರೆಯವರಿಗೆ ಕೀಲಿಕೈ ಕೊಡುತ್ತಾರೆ. ಬ್ರಾಂಡನ್ ಊರಿನವನೊಬ್ಬ ಎರಡು ನಾಯಿ, ಒಂದು ವ್ಯಾನು ಇಟ್ಟುಕೊಂಡು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ. ಮೂವತ್ತೊಂದು ವರ್ಷ ಒಲೆ ಹಚ್ಚಿದ ಮನೆ, ಕ್ಲೆಮ್. ನಿನಗೆ ಬೆನ್ನು ನೋವು, ಹಾಸಿಗೆ ಬಿಟ್ಟು ಏಳುತ್ತಿಲ್ಲ ಎಂದು ಸಾಹುಕಾರರಿಗೆ ಸುಳ್ಳು ಹೇಳಿ, ಬಲೆ, ಮೊಲವನ್ನು ಬಿಲದಿಂದ ಹೊರಗೋಡಿಸುವ ಆ ಮುಂಗುಸಿಯಂಥ ಫೆರೆಟ್ಟಿನ ಪೆಟ್ಟಿಗೆ, ಮೆಗ್ ಮೂರನ್ನೂ ಕಟ್ಟಿಕೊಂಡು ನಾನೇ ಮೊಲದ ಬಿಲಗಳ ದಿಬ್ಬಕ್ಕೆ ಹೋದೆ.

ಮೊದಲ ದಿನ ಕೇಳು. ಬಿಲಗಳಿಗೆ ಬಲೆ ಹಾಕಿದೆ, ಫೆರೆಟ್ಟನ್ನು ಒಳಗೆ ಬಿಟ್ಟೆ. ಬಲೆಯಿಲ್ಲದ ಬಿಲದಿಂದ ದಪ್ಪನೆಯ ಮೊಲವೊಂದು ಮೆಗ್‌ಳ ಮೂಗಿನ ಕೆಳಗೇ ಹಾರಿತು. ಹಿಡಿ, ಹಿಡಿ ಎಂದು ಕಿರುಚಿದೆ. ಅವಳು ಮೊಲವನ್ನು ನೋಡಿದಳು, ನನ್ನನ್ನು ನೋಡಿದಳು, ಬೆನ್ನು ತಿರುಗಿಸಿ ಕೂತಳು. ಮೊಲವೂ ಸ್ವಲ್ಪ ದೂರ ಹೋಗಿ, ಯಾರೂ ಬರುತ್ತಿಲ್ಲವಲ್ಲ ಎಂದು ನಿಂತು ಹಿಂತಿರುಗಿ ನೋಡಿತು.

ಪಕ್ಕದ ಮನೆಯ ಮುದುಕ ರೂಬೆನ್ ಮೇಸ್ ಬೇಲಿಯಾಚೆಯಿಂದ ಇದನ್ನೆಲ್ಲ ನೋಡಿ ಕೆಮ್ಮು ಬರುವವರೆಗೆ ನಕ್ಕ. ಅವನ ಪ್ರಕಾರ ಬರೀ ಓಟದ ತಳಿಯ ಬೇಟೆನಾಯಿ ಆಗಿದ್ದರೆ ಮೊಲ ಕಂಡ ತಕ್ಷಣ ಓಡುತ್ತದೆ, ಯಾರು ಕೂಗಿದರೇನು ಬಿಟ್ಟರೇನು. "ಇದು ಹಾಗಲ್ಲ ಮಗಳೇ, ಇದರಮ್ಮ ಕುರಿ ಕಾಯೋ ಕೋಲಿ ನಾಯಿ. ಕಾಲು ಅಪ್ಪಂದು, ತಲೆ ಅಮ್ಮಂದು. ಇಂಥದಕ್ಕೆ ಹುಕುಂ ಮಾಡ್ಬಾರ್ದು, ಕೇಳ್ಕೋಬೇಕು" ಎಂದ. ನಾಯಿಯ ಹತ್ತಿರ ಕೇಳಿಕೊಳ್ಳುವ ಗತಿ ನನಗಿನ್ನೂ ಬಂದಿಲ್ಲ ಎಂದು ಹೇಳಿ ಬಂದೆ. ಬಂದಿತ್ತು, ಆದರೆ ಆಗ ಗೊತ್ತಾಗಲಿಲ್ಲ.

ನಿನ್ನ ಸಿಳ್ಳೆ ಊದಿದೆ. ಕುರಿಯ ಈಲಿ ತುಂಡಿನ ಆಸೆ ತೋರಿಸಿದೆ. ಈಲಿ ತಿಂದಳು, ಕೂತಳು. ಬೈದರೆ ನನಗಿಂತ ಮುಂಚೆ ಮನೆಗೆ ಬಂದು, ಚಿಲಕ ಎತ್ತಿ ಒಳಗೆ ಹೋಗಿ, ನಿನ್ನ ಕುರ್ಚಿಯಲ್ಲಿ ಮುದುಡಿ ಮಲಗುತ್ತಿದ್ದಳು. ಆ ಕುರ್ಚಿಯಲ್ಲಿ ನಾನು ಕೂರಬೇಕೆಂದರೂ ಜಾಗವಿರುತ್ತಿರಲಿಲ್ಲ.

ಹಾಗೆಂದು ಸುಮ್ಮನಿದ್ದಳೆಂದುಕೊಳ್ಳಬೇಡ. ಕೆಲಸವಿಲ್ಲದ ಕೋಲಿ ತಲೆ ತನಗೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಮೊದಲು ಕೋಳಿಗಳನ್ನು ಮೂಲೆಗೆ ಸೇರಿಸಿ ಕಾದಳು. ಆಮೇಲೆ ಅಂಚೆಯವನನ್ನು ಗೇಟಿನಿಂದ ಹೊರಕ್ಕೆ ಬಿಡಲಿಲ್ಲ. ಈ ಮಂಗಳವಾರ ಮಹಿಳಾ ಸಂಘದ ಸಭೆ ನಮ್ಮ ಅಡುಗೆಮನೆಯಲ್ಲಿತ್ತು. ಆರು ಹೆಂಗಸರು ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದು ಅವಳಿಗೆ ಸರಿಕಾಣಲಿಲ್ಲ. ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ತಲೆ ತಗ್ಗಿಸಿ ಸುತ್ತು ಹಾಕುತ್ತಾ, ದಿಟ್ಟಿಸುತ್ತಾ, ಆರು ಜನರನ್ನೂ ಅಲಮಾರಿಗೂ ಗೋಡೆಗೂ ನಡುವೆ ಒತ್ತೊತ್ತಾಗಿ ಸೇರಿಸಿಬಿಟ್ಟಳು. ಮಿಸೆಸ್ ಕ್ಯಾಚ್‌ಪೋಲ್ ಹಿತ್ತಿಲ ಕಡೆ ಹೋಗಬೇಕೆಂದು ಎರಡು ಸಲ ಎದ್ದರು, ಎರಡು ಸಲವೂ ಮೆಗ್ ಅವರನ್ನು ಮರ್ಯಾದೆಯಿಂದ ಹಿಂದಕ್ಕೆ ಕರೆತಂದಳು. ನಿಂಬೆಹಣ್ಣಿನ ಉಪ್ಪಿನಕಾಯಿಯ ಬಗ್ಗೆ ಉಪನ್ಯಾಸ ಕೊನೆಯವರೆಗೂ ಎಲ್ಲರೂ ಕೇಳಿದ್ದು ಸಂಘ ಹುಟ್ಟಿದ ಮೇಲೆ ಅದೇ ಮೊದಲು.

ಮಾರನೆಯ ದಿನ ಬೆಳಗ್ಗೆ ಸಾಹುಕಾರರು ಬಾಗಿಲಿಗೆ ಬಂದರು. ಟೋಪಿ ತೆಗೆಯಲಿಲ್ಲ. ನಿನ್ನ ಬೆನ್ನು ನೋವು ಯಾರ್ಮತ್ ಸಮುದ್ರದ ಗಾಳಿಗೆ ವಾಸಿಯಾಗುತ್ತಿದೆಯಂತಲ್ಲ ಎಂದು ಕೇಳಿದರು. ಊರಿಗೆಲ್ಲ ಗೊತ್ತಿತ್ತಂತೆ, ನಾನೊಬ್ಬಳೇ ಗುಟ್ಟು ಕಾಯುತ್ತಿದ್ದೆ. ಆಮೇಲೆ ಮೆಗ್‌ಳ ಕಡೆ ಬೆರಳು ಮಾಡಿ ಹೇಳಿದರು:

"ಹೊಟ್ಟೆ ತುಂಬ ಕೆಲ್ಸ ಇರೋ ನಾಯಿ ನನ್ನ ಹೆಂಡ್ತೀನ ಮೇಯಿಸ್ತಿರ್ಲಿಲ್ಲ, ಮಿಸೆಸ್ ಲಾರ್ಟರ್. ಶನಿವಾರ ಹತ್ತು ಗಂಟೆಗೆ ದಿಬ್ಬದ ಹತ್ರ ಬರ್ತೀನಿ. ಅದು ಕೆಲ್ಸ ಮಾಡಿದ್ರೆ ಮನೆ ನಿಮ್ದು. ಇಲ್ದಿದ್ರೆ ಬ್ರಾಂಡನ್‌ನವನಿಗೆ ಹೇಳ್ತೀನಿ."

ಆ ಮೂರು ರಾತ್ರಿ ನನಗೆ ನಿದ್ದೆಯಿಲ್ಲ. ನಿನಗೆ ತಂತಿ ಕಳಿಸೋಣ ಎಂದು ಅಂಚೆ ಕಚೇರಿಯವರೆಗೂ ಹೋಗಿ ವಾಪಸು ಬಂದೆ. ಅಭಿಮಾನ ಅಡ್ಡ ಬಂತು. ನಾನೂ ನಿನ್ನಷ್ಟೇ ಮೊಂಡಿ, ಒಪ್ಪುತ್ತೇನೆ.

ಶನಿವಾರ ಕೊನೆಯ ಉಪಾಯವೆಂದು ಗೂಟಕ್ಕೆ ನೇತುಹಾಕಿದ್ದ ನಿನ್ನ ಕೆಲಸದ ಕೋಟನ್ನು ತೊಟ್ಟೆ. ನೀನು ಹೋದ ಮೇಲೆ ನಾನದನ್ನು ಮುಟ್ಟಿರಲಿಲ್ಲ. ಮೆಗ್ ಬಾಲ ಅಲ್ಲಾಡಿಸುತ್ತಾ ಓಡಿಬಂದು ಕೋಟು ಮೂಸಿದಳು. ನನ್ನ ಹಿಂದೆ ನೀನಿದ್ದೀಯೇನೋ ಎಂದು ಬಗ್ಗಿ ನೋಡಿದಳು. ಯಾರೂ ಇರಲಿಲ್ಲ. ಅವಳ ಬಾಲ ಇಳಿಯಿತು. ಹೇಗೋ ಇಬ್ಬರೂ ನಡೆದೆವು. ದಿಬ್ಬದ ಕೆಳಗೆ, ದಾರ ಬೇಕಾಗಿ, ನಿನ್ನ ಎಡ ಜೇಬಿಗೆ ಕೈ ಹಾಕಿದೆ. ಅಲ್ಲೇ ನಿಂತುಬಿಟ್ಟೆ. ಯಾಕೆ ನಿಂತೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ನಿಂತವಳು ಹಿಮ ಕಟ್ಟಿದ ಹುಲ್ಲಿನ ಮೇಲೆ ಮಂಡಿಯೂರಿ ಕೂತೆ. ಅವಳ ಮುಖ ಹಿಡಿದು ಮೆಲ್ಲಗೆ ಹೇಳಿದೆ. "ಅವತ್ತು ನಿನ್ನ ಬೈದಿದ್ದು ನಂದೇ ತಪ್ಪು ಕಣೆ ಮೆಗ್. ಪೊರಕೆ ಎಸೆದಿದ್ದೂ ತಪ್ಪು. ಇವತ್ತು ನನ್ನ ಕೈಲಿ ಏನೂ ಆಗಲ್ಲ, ನೀನೇ ನೋಡ್ಕೋಬೇಕು." ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಕ್ಲೆಮ್, ಹುಬ್ಬು ಆಡುತ್ತಿತ್ತು. ಆಮೇಲೆ ನನ್ನ ಕೆನ್ನೆ ನೆಕ್ಕಿ, ಮುಂದಾಗಿ ದಿಬ್ಬ ಹತ್ತಿದಳು.

ಸಾಹುಕಾರರು ಬರುವ ಹೊತ್ತಿಗೆ ಬಿಲಗಳನ್ನೆಲ್ಲ ಅವಳೇ ನೋಡಿ ಮುಗಿಸಿದ್ದಳು. ಖಾಲಿ ಬಿಲವನ್ನು ದಾಟಿ ಹೋಗುವುದು, ಮೊಲವಿರುವ ಬಿಲದ ಮುಂದೆ ಮುಂಗಾಲೆತ್ತಿ ನಿಲ್ಲುವುದು. ಅವಳು ಹೇಳಿದ ಕಡೆ ನಾನು ಬಲೆ ಹಾಕಿದೆ. ಬಲೆ ತಪ್ಪಿಸಿಕೊಂಡು ಹಾರಿದ ಒಂದೊಂದನ್ನೂ ಗಾಳಿಯ ಹಾಗೆ ಹೋಗಿ ಹಿಡಿದು, ಜೀವಂತವಾಗಿ ತಂದು ನನ್ನ ಕೈಗೇ ಕೊಟ್ಟಳು. ನಾನು ಬಾಯಿ ಬಿಡಲೇ ಇಲ್ಲ. ಮಧ್ಯಾಹ್ನದೊಳಗೆ ಇಪ್ಪತ್ತಾರು. ಸಾಹುಕಾರರು ಒಂದು ಮೊಲದ ತುಪ್ಪಳವನ್ನು ಹಿಂದೆ ಮುಂದೆ ಸವರಿ ನೋಡಿದರು, ಎಲ್ಲೂ ಹಲ್ಲಿನ ಗುರುತಿಲ್ಲ. ಆಗ ಟೋಪಿ ತೆಗೆದರು. ನನಗೋ ಅವಳಿಗೋ ಗೊತ್ತಾಗಲಿಲ್ಲ.

ಮನೆ ಉಳಿಯಿತು. ಈ ಸಲದ ಕರಾರು ನನ್ನ ಹೆಸರಿಗೇ, ನಿನ್ನ ಹೆಸರು ಅದರಲ್ಲಿಲ್ಲ.

ನಾಯಿಗೆ ಕ್ಷಮೆಗಿಮೆ ಅರ್ಥವಾಗುವುದಿಲ್ಲ, ದನಿ ಮಾತ್ರ ಅರ್ಥವಾಗುತ್ತದೆ ಎನ್ನುತ್ತಾನೆ ರೂಬೆನ್. ಇರಬಹುದು. ಒಂಬತ್ತು ವಾರದಿಂದ ಈ ಮನೆಯಲ್ಲಿ ನಾನು ಮೆಲುದನಿಯಲ್ಲಿ ಮಾತಾಡಿರಲಿಲ್ಲ. ಯೋಚಿಸಿದರೆ ಒಂಬತ್ತು ವಾರವಲ್ಲ, ಹೆಚ್ಚೇ ಆಯಿತು. ನೀನು ದಿನಾ ಸಂಜೆ ಅವಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ, ನನ್ನ ಹತ್ತಿರ ಸಾರು ತಣ್ಣಗಾಗಿದೆ ಎನ್ನುವುದಕ್ಕಷ್ಟೇ ಬಾಯಿ ತೆರೆಯುತ್ತಿದ್ದೆ. ನನಗೆ ಆ ನಾಯಿಯ ಮೇಲೆ ಹೊಟ್ಟೆಕಿಚ್ಚಿತ್ತು. ಬರೆದುಬಿಟ್ಟೆ, ನಗುವುದಿದ್ದರೆ ನಗು.

ಈಗ ನೀನಿಲ್ಲದೆಯೂ ಮನೆ ನಡೆಯುತ್ತದೆ. ಅದಕ್ಕೇ ಈಗ ಕರೆಯುತ್ತಿದ್ದೇನೆ. ಬೇಕಾಗಿ ಕರೆದಳು ಎಂದು ನೀನು ಹೇಳುವ ಹಾಗಿಲ್ಲ. ನೀನಿಲ್ಲದೆ ನನಗೆ ಬೇಸರ, ಅಷ್ಟೇ. ಶನಿವಾರದ ಬಸ್ಸಿಗೆ ಬಾ.

ಇನ್ನೂ ನಿನ್ನವಳೇ ಆದ,
ಎನಿಡ್

ಮರೆತ ಮಾತು: ನಿನ್ನ ಎಡ ಜೇಬಿನಲ್ಲಿ ಸಿಕ್ಕಿದ್ದು ಎಣ್ಣೆ ಕಾಗದದ ಪೊಟ್ಟಣ. ಒಳಗೆ ಒಣಗಿದ ಹಂದಿ ತೊಡೆಯ ಚರ್ಮ, ನಿನ್ನ ಚಾಕು, ಕಾಗದದ ತುಂಬ ಅರೆದ ಸಾಸಿವೆ. ಯಾವ ನಾಯಿಯೂ ಸಾಸಿವೆ ಹಚ್ಚಿಕೊಂಡು ತಿನ್ನುವುದಿಲ್ಲ, ಕ್ಲೆಮ್. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮೆಗ್‌ಳ ಪರವಾಗಿ ಅಷ್ಟು ಜೋರಾಗಿ ಯಾಕೆ ವಾದಿಸಿದೆ, ಅಷ್ಟು ಬೇಗ ಬಸ್ಸು ಯಾಕೆ ಹತ್ತಿದೆ ಎಂದು ಈಗ ತಿಳಿಯಿತು. ನನಗೂ ಮೊದಲೇ ಹೊಳೆಯಬೇಕಿತ್ತು: ಸಿಕ್ಕಿದ್ದನ್ನೆಲ್ಲ ತಂದು ಕೈಗೇ ಕೊಡುವವಳು ಕದ್ದು ತಿನ್ನುತ್ತಾಳೆಯೇ? ಇನ್ನೊಂದು ಹಂದಿ ತೊಡೆ ಬೇಯುತ್ತಿದೆ, ನಿನ್ನ ಪಾಲು ಅದರಲ್ಲಿದೆ. ಆದರೆ ಅಡುಗೆಮನೆಗೆ ಬರುವ ಮೊದಲು ಅಂಗಳದಲ್ಲೇ ಮಂಡಿಯೂರಿ ಮೆಗ್‌ಳ ಹತ್ತಿರ ತಪ್ಪಾಯಿತೆಂದು ಕೇಳಬೇಕು. ಹುಲ್ಲು ಒದ್ದೆಯಿರುತ್ತದೆ, ಹಳೆಯ ಪ್ಯಾಂಟು ಹಾಕಿಕೊಂಡು ಬಾ.